ಅವ್ವನ ಕಲ್ಲು, ನನ್ನ ಕಲ್ಲು

ಕಲ್ಲು ತೊಳೆಯುವಾಗ ನಮ್ಮೂರಲ್ಲಿ ಯಾರೂ ಮಾತಾಡುವುದಿಲ್ಲ. ಸೋಮವಾರ ಬೆಳಿಗ್ಗೆ ಮನೆಗೊಬ್ಬರಂತೆ ಹೊಳೆದಂಡೆಗೆ ಬಂದು, ತಂತಮ್ಮ ಮನೆಯ ಕಲ್ಲುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ತೆಂಗಿನ ನಾರನ್ನು ನೀರಲ್ಲಿ ಅದ್ದಿ ಪಾಚಿ ತಿಕ್ಕುತ್ತೇವೆ. ನಾರಿನ ಪರಪರ ಸದ್ದು ಬಿಟ್ಟರೆ ಇನ್ನೇನೂ ಕೇಳುವುದಿಲ್ಲ. ನನಗೆ ಆ ಹೊತ್ತು ಇಷ್ಟ. ನಾನು ಯಾಕೆ ಮಾತಾಡುತ್ತಿಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಯುಗಾದಿ ಕಳೆದ ಮೇಲಿನ ಮೊದಲ ಸೋಮವಾರ ನಾನು ಅವ್ವನ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದೆ. ಸಣ್ಣ ಕಲ್ಲು ಅದು. ಅವ್ವ ಮದುವೆಯಾಗಿ ಈ ಊರಿಗೆ ಬಂದ ಮಾರನೇ ದಿನ ಅವಳ ತೂಕಕ್ಕೆ ಸರಿಯಾಗಿ ಆರಿಸಿ ಇಟ್ಟದ್ದು. ಆಗ ಅವಳು ಕಡ್ಡಿಯ ಹಾಗಿದ್ದಳಂತೆ. ಕಲ್ಲಿನ ಬೆನ್ನ ಮೇಲೆ ಕಾವಿಯಲ್ಲಿ ಬರೆದ ಹಾಲಮ್ಮ ಎಂಬ ಹೆಸರನ್ನು ಪ್ರತಿ ಯುಗಾದಿಗೆ ನಾನೇ ತಿದ್ದುತ್ತೇನೆ. ಅದರ ಪಕ್ಕ ನನ್ನದು, ದಾಕ್ಷಾಯಿಣಿ ಎಂದು ಬರೆದದ್ದು, ಅವ್ವನದಕ್ಕಿಂತಲೂ ಸಣ್ಣದು. ಅದರಾಚೆ ಒಂದು ಗುಳಿ. ಅಪ್ಪನ ಕಲ್ಲು ಇದ್ದ ಜಾಗ. ಸತ್ತವರ ಕಲ್ಲನ್ನು ನಾವು ಹೊಳೆಗೇ ಬಿಡುತ್ತೇವೆ. ಅಪ್ಪನದನ್ನು ಬಿಟ್ಟು ಮೂರು ವರ್ಷವಾಗಿತ್ತು.

ಹೊಳೆ ದಾಟಿ ಹೋಗುವವರು ಮೊದಲು ಹುಣಸೆಮರಕ್ಕೆ ತೂಗುಹಾಕಿದ ದೊಡ್ಡ ತಕ್ಕಡಿ ಹತ್ತಬೇಕು. ಒಂದು ತಟ್ಟೆಯಲ್ಲಿ ಅವರ ಕಲ್ಲು, ಇನ್ನೊಂದರಲ್ಲಿ ಅವರು. ತನ್ನ ಕಲ್ಲಿಗಿಂತ ಭಾರವಾದವರು ಹತ್ತಿದರೆ ದೋಣಿ ಕದಲುವುದಿಲ್ಲ. ನಾಲ್ಕು ಜನ ನೂಕಿದರೂ ಅಷ್ಟೇ, ಎತ್ತು ಕಟ್ಟಿ ಎಳೆದರೂ ಅಷ್ಟೇ. ಅಜ್ಜಂದಿರ ಕಾಲದಲ್ಲಿ ಅದನ್ನೆಲ್ಲ ಮಾಡಿ ನೋಡಿ ಬಿಟ್ಟಿದ್ದಾರೆ. ಊರೊಳಗೆ ಬರುವುದಕ್ಕೆ ತೂಕವಿಲ್ಲ, ಹೋಗುವುದಕ್ಕೆ ಮಾತ್ರ. ದೋಣಿಗೆ ಹಾಕುವ ಚೀಲ ಸಾಮಾನಿಗೂ ಇಲ್ಲ, ಮೈಮೇಲಿದ್ದದ್ದಕ್ಕೆ ಮಾತ್ರ. ಹಾಗಾಗಿ ಹದಿನೆಂಟು ತುಂಬುವ ಮಕ್ಕಳಿಗೆ ಎರಡು ತಿಂಗಳು ಮುಂಚಿನಿಂದಲೇ ತುಪ್ಪ ಬಾಳೆಹಣ್ಣು ತಿನ್ನಿಸಿ, ಕಲ್ಲಿಡುವ ದಿನ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸುತ್ತಾರೆ. ಆಗ ಕಲ್ಲು ಒಂದಿಷ್ಟು ದೊಡ್ಡದಾಗುತ್ತದೆ, ಮುಂದೆ ಅನುಕೂಲ. ನನ್ನ ಕಲ್ಲಿಡುವಾಗ ಅಪ್ಪ ಹಾಸಿಗೆ ಹಿಡಿದಿದ್ದ. ನನಗೆ ನೀರು ಕುಡಿಸುವುದು ಯಾರಿಗೂ ನೆನಪಾಗಲಿಲ್ಲ.

ಆ ದಿನ ನನ್ನ ಕೈ ಓಡದಿದ್ದದ್ದು ಅಕ್ಕನ ಫೋನಿನಿಂದ. ಮಂಗಳಕ್ಕ ಆಚೆ ದಡದ ಊರಿಗೆ ಕೊಟ್ಟ ಹೆಣ್ಣು. ಕಾರಹುಣ್ಣಿಮೆಯ ಹೊತ್ತಿಗೆ ಅವಳಿಗೆ ದಿನ ತುಂಬುತ್ತಿತ್ತು. ಬೇರೆ ಊರುಗಳಲ್ಲಿ ಹೆರಿಗೆಗೆ ಮಗಳು ತವರಿಗೆ ಬರುತ್ತಾಳಂತೆ. ನಮ್ಮಲ್ಲಿ ತಾಯಿಯೇ ಹೋಗಬೇಕು. ಬಸುರಿಯಾಗಿ ಬಂದು, ಹೆತ್ತ ಮೇಲೂ ಮೈ ಇಳಿಯದೆ, ಎರಡು ಮೂರು ವರ್ಷ ಗಂಡನನ್ನು ಆಚೆ ದಡದಲ್ಲಿ ನಿಲ್ಲಿಸಿಕೊಂಡು ಇಲ್ಲೇ ಉಳಿದವರಿದ್ದಾರೆ. ಅಕ್ಕನಿಗೆ ಮೊದಲನೆಯದು ಹುಟ್ಟುವಾಗಲೇ ಹೋಗಿತ್ತು. ಆಗ ಅಪ್ಪನ ಕಾಯಿಲೆ, ಅವ್ವ ಹೋಗಲಾಗಲಿಲ್ಲ. ಅಕ್ಕ ಅದನ್ನು ಎತ್ತಿ ಆಡಲಿಲ್ಲ. ಈ ಸಲ ಬಾ, ನೀನು ತಲೆದೆಸೆಯಲ್ಲಿ ಕೂತಿರು, ಇನ್ನೇನೂ ಮಾಡಬೇಡ ಎಂದಷ್ಟೇ ಹೇಳಿದಳು. ಆಮೇಲೆ ದಾಕ್ಷಿಯನ್ನೂ ಕರಕೊಂಡು ಬಾ ಎಂದಳು. ಅಲ್ಲಿ ಓದು ಬಿಟ್ಟವರಿಗೆಂದೇ ಒಂದು ಶಾಲೆ ಇದೆಯಂತೆ, ಜೂನಿಗೆ ಸೇರಿಸಿಕೊಳ್ಳುತ್ತಾರಂತೆ. ಅಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದು ಅನ್ನುವುದಿಲ್ಲವಂತೆ, ಬರೆದು ತೋರಿಸಿದರೆ ಸಾಕಂತೆ.

ಅಕ್ಕನಿಗೆ ಗೊತ್ತು. ನಾನು ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟದ್ದು ಅದಕ್ಕೇ. ಎದ್ದು ನಿಂತು ಓದು ಅಂದರೆ ನನ್ನ ಬಾಯಿ ತೆರೆಯುತ್ತಿರಲಿಲ್ಲ. ಪುಸ್ತಕದಲ್ಲಿದ್ದದ್ದೆಲ್ಲ ಗೊತ್ತಿದ್ದೂ ನಿಂತೇ ಇರುತ್ತಿದ್ದೆ, ಬೆಲ್ಲು ಹೊಡೆಯುವವರೆಗೆ.

ಕಾರಹುಣ್ಣಿಮೆ ಅಂದರೆ ಎರಡೂವರೆ ತಿಂಗಳು. ಅದಾದ ಮೇಲೆ ಹೊಳೆಗೆ ಹೊಸ ನೀರು ಬರುತ್ತದೆ, ದೋಣಿಯನ್ನು ಮೇಲೆಳೆದು ಕಟ್ಟುತ್ತಾರೆ. ಮತ್ತೆ ಬಿಚ್ಚುವುದು ನವರಾತ್ರಿಗೆ. ನಾನು ಬೆರಳೆಣಿಸುತ್ತ ಅವ್ವನ ಕಲ್ಲನ್ನು ನೋಡುತ್ತಿದ್ದೆ. ಅವ್ವ ತಕ್ಕಡಿ ಹತ್ತಿ ಮೂರು ವರ್ಷ ಕಳೆದಿತ್ತು. ಹತ್ತದಿದ್ದರೂ ಅವಳ ಭಾರ ನಮ್ಮ ಮನೆಯ ಮಂಚಕ್ಕೆ ಗೊತ್ತಿತ್ತು.

ಮಾರನೇ ದಿನ ಅವಳನ್ನು ಕರಕೊಂಡು ಹೋದೆ. ತಕ್ಕಡಿಯನ್ನೂ ದೋಣಿಯನ್ನೂ ನೋಡಿಕೊಳ್ಳುವವನು ಅಂಬಿಗರ ನಿಂಗಜ್ಜ. ಅವನು ಅವ್ವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ತೂಗುವ ಮೊದಲೇ ಬೀಡಿ ಹಚ್ಚಿದ. ಅವ್ವ ಕೂತ ತಟ್ಟೆ ನೆಲಕ್ಕೆ ಕೂತದ್ದು ಏಳಲಿಲ್ಲ. ನಿಂಗಜ್ಜ ಕಲ್ಲಿನ ತಟ್ಟೆಗೆ ಒಂದೊಂದೇ ಕಿಲೋ ಬಟ್ಟು ಇಡುತ್ತ ಹೋದ. ಏಳನೆಯದಕ್ಕೆ ತಕ್ಕಡಿ ಸಮವಾಯಿತು.

"ಏಳು," ಅಂದ ನಿಂಗಜ್ಜ.

ಅವ್ವ ತಟ್ಟೆಯಿಂದ ಇಳಿಯುವುದಕ್ಕೆ ನನ್ನ ಕೈ ಹಿಡಿದುಕೊಂಡಳು. "ಎಲ್ಲಿಂದ ಬಂತೋ ಕಾಣೆ. ಎರಡು ಹೊತ್ತು ರೊಟ್ಟಿ ಬಿಟ್ರೆ ನಾನು ತಿನ್ನೋದೇನು," ಅಂದಳು.

ಎಲ್ಲಿಂದ ಬಂತು ಅನ್ನುವುದರ ಮೇಲೆ ನಮ್ಮೂರಲ್ಲಿ ವಾದ ಮುಗಿದದ್ದೇ ಇಲ್ಲ. ಮನೆಮನೆಗೆ ಟೀವಿ ಬಂದ ಮೇಲೆ ಹೊಳೆ ದಾಟುವವರು ಕಮ್ಮಿಯಾದರು, ಇದು ಎಲ್ಲರೂ ಒಪ್ಪುವ ಮಾತು. ಆದರೆ ಯಾಕೆ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು. ಟೀವಿಯ ಬೆಳಕಿಗೂ ತೂಕ ಇದೆ, ದಿನಾ ಮೈಮೇಲೆ ಬಿದ್ದರೆ ಅದು ಅಲ್ಲೇ ಕೂರುತ್ತದೆ ಎಂದು ನಿಂಗಜ್ಜ ಹೇಳುತ್ತಿದ್ದ. ಬೆಳಕಲ್ಲ, ಕೂರುವುದರಿಂದ ಎಂದು ಮೇಷ್ಟ್ರು. ಪಕ್ಕದ ಮನೆಯ ಪಂಪಕ್ಕ ಎರಡನ್ನೂ ಒಪ್ಪುತ್ತಿರಲಿಲ್ಲ. ನಮ್ಮೆಮ್ಮೆ ಯಾವ ಟೀವಿ ನೋಡಿ ಹಿಂಗೆ ಬೆಳೀತು, ನಮ್ಮ ಯಜಮಾನರು ಬೆಳಗಿಂದ ಬೈಗಿನತನಕ ಕ್ರಿಕೆಟ್ ನೋಡ್ತಾರೆ, ಅವರ ಪಕ್ಕೆಲುಬು ಎಣಿಸಬಹುದು, ಅದಕ್ಕೇನಂತೀರಿ ಎನ್ನುತ್ತಿದ್ದಳು. ಪಂಪಕ್ಕನ ಯಜಮಾನರು ನಿಜಕ್ಕೂ ಹಾಗೇ ಇದ್ದರು.

ನಮ್ಮ ಮನೆಗೆ ಟೀವಿ ಬಂದದ್ದು ನನ್ನಿಂದ. ನಾನು ಕೆಲಸ ಮಾಡುವುದು ಮಂಡಕ್ಕಿ ಭಟ್ಟಿಯಲ್ಲಿ. ಕಾದ ಮರಳಲ್ಲಿ ಅಕ್ಕಿ ಅರಳಿದ ಮೇಲೆ ಮರಳನ್ನು ಜರಡಿ ಹಿಡಿದು ಬೇರೆ ಮಾಡುವ ಕೆಲಸ. ಮೊದಲು ಅದನ್ನು ಅವ್ವ ಮಾಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಮನೆ ಬಿಟ್ಟು ಕದಲಲಿಲ್ಲ, ಜರಡಿ ನನ್ನ ಕೈಗೆ ಬಂತು. ಭಟ್ಟಿಯ ಯಜಮಾನರ ಮನೆಗೆ ಗೋಡೆಗೆ ನೇತುಹಾಕುವ ಟೀವಿ ಬಂದಾಗ ಹಳೆಯದನ್ನು ತಗೊಂಡು ಹೋಗುತ್ತೀಯಾ ಎಂದು ಕೇಳಿದರು. ನಾನು ತಲೆಯಾಡಿಸಿದೆ. ನಾನು ಮಾತಾಡುವವಳಲ್ಲ, ಅವ್ವನಿಗೆ ಮನೆಯಲ್ಲಿ ಒಂದು ದನಿ ಬೇಕಾಗಿತ್ತು. ತಲೆಮೇಲೆ ಹೊತ್ತು ತಂದೆ. ಆ ಏಳು ಕಿಲೋ ನಾನೇ ಹೊತ್ತು ತಂದದ್ದು ಎಂದು ತಕ್ಕಡಿಯ ಹತ್ತಿರ ನಿಂತಾಗ ಅನ್ನಿಸಿತು.

ಅನ್ನಿಸಿದ್ದನ್ನು ಹಾಗೇ ನಂಬಬಾರದು ಎಂದು ನಾಲ್ಕು ದಿನ ಅವ್ವನನ್ನು ನೋಡಿದೆ. ಟೀವಿ ನೋಡಲಿಲ್ಲ, ಟೀವಿ ನೋಡುವ ಅವ್ವನನ್ನು ನೋಡಿದೆ. ಏಳೂವರೆಗೆ ಒಂದು ಧಾರಾವಾಹಿ, ಎಂಟಕ್ಕೆ ಇನ್ನೊಂದು, ಎಂಟೂವರೆಗೆ ಮತ್ತೊಂದು. ಮಡಿಲಲ್ಲಿ ಬೋಗುಣಿ, ಬೋಗುಣಿಯಲ್ಲಿ ಎಣ್ಣೆ, ಚಟ್ನಿಪುಡಿ, ಈರುಳ್ಳಿ ಕಲಸಿದ ಮಂಡಕ್ಕಿ. ಮಂಡಕ್ಕಿಯಿಂದ ಯಾರೂ ದಪ್ಪಗಾಗುವುದಿಲ್ಲ, ಒಂದು ಚೀಲವನ್ನು ಮಗು ಎತ್ತುತ್ತದೆ ಎಂಬುದು ನಮ್ಮೂರ ನಂಬಿಕೆ. ಟೀವಿಯಲ್ಲಿ ಯಾರಾದರೂ ಊಟ ಮಾಡುವಾಗ ಅವ್ವನ ಕೈ ಬೋಗುಣಿಗೆ ಹೋಗುತ್ತಿರಲಿಲ್ಲ. ನಗುವಾಗಲೂ ಹೋಗುತ್ತಿರಲಿಲ್ಲ. ಯಾರಾದರೂ ಅತ್ತರೆ ಹೋಗುತ್ತಿತ್ತು. ಅಳು ಜೋರಾದರೆ ಹಿಡಿ ದೊಡ್ಡದಾಗುತ್ತಿತ್ತು. ಆ ಧಾರಾವಾಹಿಗಳಲ್ಲಿ ಅಳದವರು ಕಮ್ಮಿ. ಒಂಬತ್ತಕ್ಕೆ ಬೋಗುಣಿ ಬರಿದಾದಾಗ ಅವ್ವ ಬಗ್ಗಿ ನೋಡಿ, ಇದನ್ನ ಯಾರು ತಿಂದರೋ ಅನ್ನುವಂತೆ ಅದನ್ನು ಪಕ್ಕಕ್ಕಿಡುತ್ತಿದ್ದಳು. ಆ ಒಂದೂವರೆ ಗಂಟೆಯಲ್ಲಿ ನೀರು ತರುವುದು, ಪಾತ್ರೆ ಬೆಳಗುವುದು, ಸೌದೆ ಒಳಗೆ ಹಾಕುವುದು ನನ್ನ ಪಾಲು.

ಮೊದಲು ಬೋಗುಣಿಯನ್ನು ಅಡಗಿಸಿಟ್ಟೆ. ಅವ್ವ ಸೆರಗಿನ ತುದಿ ಕಚ್ಚುತ್ತ ಕೂತಳು, ಎರಡು ಸಲ ಎದ್ದು ಡಬ್ಬಿಯಿಂದ ಬೆಲ್ಲ ಮುರಿದು ತಂದಳು. ಆಮೇಲೆ ಟೀವಿಯನ್ನೇ ಪಂಪಕ್ಕನ ಮನೆಗೆ ಕೊಟ್ಟುಬಂದೆ, ಅವರದು ಕೆಟ್ಟಿತ್ತು. ಏಳೂವರೆಗೆ ಅವ್ವ ಎದ್ದು ಸೀರೆ ಕೊಡವಿ ಪಂಪಕ್ಕನ ಮನೆಗೆ ಹೋದಳು. ಅಲ್ಲಿ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿಯೂ ಸಿಗುತ್ತಿತ್ತು. ಹದಿನೈದು ದಿನ ಹೀಗೆ ಹೋಯಿತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜರಡಿ ಹಿಡಿದಾಗ ಕೈ ಜೋರಾಗಿ ಆಡಿ ಮಂಡಕ್ಕಿ ನೆಲಕ್ಕೆ ಚೆಲ್ಲುತ್ತಿತ್ತು. ಮನೆಗೆ ಬಂದರೆ ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಅಕ್ಕನಿಗೆ ಎರಡು ದಿನಕ್ಕೊಮ್ಮೆ ಫೋನು. ಅವಳು ಏನಾಯಿತು ಅನ್ನುವಳು, ನಾನು ಹ್ಞೂಂ ಅನ್ನುವೆ. ಅಷ್ಟರಲ್ಲಿ ಅವಳು ಅಳುವುದಕ್ಕೆ ಶುರುಮಾಡಿರುವಳು.

ಒಂದು ಸಂಜೆ ಅವ್ವ ಪಂಪಕ್ಕನ ಮನೆಗೆ ಹೊರಟಾಗ ಬಾಗಿಲಲ್ಲಿ ಅಡ್ಡ ನಿಂತೆ.

"ಅಕ್ಕಂಗೆ ಏನಂತ ಹೇಳಲಿ ಅವ್ವ?"

ಅವ್ವ ಬಾಗಿಲ ದಾರಂದಕ್ಕೆ ಒರಗಿದಳು. ಕೋಪ ಮಾಡಿಕೊಳ್ಳಲಿಲ್ಲ. "ನಂಗೆ ಗೊತ್ತಿಲ್ಲ ಅಂದ್ಕಂಡಿದೀಯಾ?" ಅಂದಳು. "ಬಿಡೋಣ ಅಂತ ನಾನೂ ನೋಡ್ತೀನಿ. ಆದ್ರೆ ಆ ಏಳೂವರೆ ಧಾರಾವಾಹಿ ಸೊಸೇನ ನಿನ್ನೆ ಮನೆಯಿಂದ ಹೊರಗೆ ಹಾಕಿದಾರೆ. ರಾತ್ರಿಯೆಲ್ಲ ಅದೇ. ಎಲ್ಲಿಗೆ ಹೋದಳೋ, ಏನಾತೋ. ತಿಳೀದೆ ಇರಕ್ಕಾಗಲ್ಲ ಕಣೇ."

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು. ನಾನು ನೋಡಿ ನಿನಗೆ ಹೇಳುತ್ತೇನೆ ಅಂದೆ.

ಅವ್ವ ನನ್ನನ್ನು ನೋಡಿದಳು. "ನೀನು? ಹೇಳ್ತೀಯಾ?" ಎಂದು ನಕ್ಕಳು.

ಹೀಗೆ ಟೀವಿ ಮತ್ತೆ ಮನೆಗೆ ಬಂತು. ಏಳೂವರೆಗೆ ನಾನು ಅದರ ಮುಂದೆ ಕೂರುವುದು, ಅವ್ವ ನನ್ನ ಕೆಲಸ ಮಾಡುವುದು. ನೀರು, ಪಾತ್ರೆ, ಸೌದೆ. ಮಾರನೇ ದಿನ ಬೆಳಿಗ್ಗೆ ನಾನು ಭಟ್ಟಿಗೆ ಹೋಗುವ ಮೊದಲು ಇಬ್ಬರೂ ಹೊಳೆದಂಡೆಗುಂಟ ಹಾಳುಬಿದ್ದ ಹಳೇ ಭಟ್ಟಿಯವರೆಗೆ ನಡೆದು ಬರುವುದು, ದಾರಿಯಲ್ಲಿ ನಾನು ಹೇಳುವುದು.

ಮೊದಲನೇ ದಿನ ನಾಲ್ಕು ಮಾತಲ್ಲಿ ಮುಗಿಸಿದೆ. ಸೊಸೆ ಗುಡಿಯಲ್ಲಿ ಮಲಗಿದಳು, ಗಂಡ ಹುಡುಕಿದ, ಸಿಗಲಿಲ್ಲ, ಅತ್ತೆ ನಕ್ಕಳು. ಅವ್ವ ನಿಂತುಬಿಟ್ಟಳು. ಅರ್ಧ ಗಂಟೆ ತೋರಿಸಿದ್ದು ಇಷ್ಟೇನಾ ಎಂದು ಕೇಳಿದಳು. ಇಷ್ಟೇ ಅಂದೆ.

"ಇಷ್ಟೇ ಅಲ್ಲ. ಬಿಡಿಸಿ ಹೇಳು. ಅತ್ತೆ ನಕ್ಕಾಗ ಎಲ್ಲಿ ನಿಂತಿದ್ದಳು? ಕೈಲಿ ಏನಿತ್ತು?"

ಕೈಯಲ್ಲಿ ಕಾಫಿ ಲೋಟವಿತ್ತು. ನಾನು ನೋಡಿದ್ದೆ. ಅವಳು ಅದನ್ನು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ, ಅದೂ ಗೊತ್ತಿತ್ತು. ಕೇಳಿದರೆ ನನಗೆ ಎಲ್ಲ ಗೊತ್ತಿತ್ತು. ಶಾಲೆಯಲ್ಲಿಯೂ ಹಾಗೇ ಇತ್ತಲ್ಲ. ಹೊಳೆಯ ಕಡೆ ಮುಖ ಮಾಡಿಕೊಂಡು ನಡೆಯುತ್ತ ಹೇಳಿದರೆ, ಯಾರ ಕಣ್ಣೂ ನನ್ನ ಮೇಲಿರದಿದ್ದರೆ, ಬಾಯಿ ಬರುತ್ತದೆ ಎಂದು ನನಗೆ ಇಪ್ಪತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು.

ಇನ್ನೊಂದು ಉಪಾಯವೂ ಸಿಕ್ಕಿತು. ಕತೆ ಬಿಗಿಯಾದ ಕಡೆ ಅವ್ವ ನಿಂತುಬಿಡುತ್ತಿದ್ದಳು. ಅವಳು ನಿಂತರೆ ನಾನೂ ಕತೆ ನಿಲ್ಲಿಸಿದೆ. "ಮುಂದೆ?" ಅನ್ನುವಳು. ನಾನು ಮುಂದಿನ ದಾರಿ ನೋಡುವೆ. ಅವಳಿಗೆ ಅರ್ಥವಾಗಿ ಬೈಯುತ್ತ ಹೆಜ್ಜೆ ಕೀಳುವಳು. ಗುಟ್ಟು ಹೊರಬೀಳುವ ದಿನ ಏರಿನ ದಾರಿ ಹಿಡಿಯುತ್ತಿದ್ದೆ. ಸಪ್ಪೆ ದಿನಗಳೂ ಇರುತ್ತಿದ್ದವು, ಅರ್ಧ ಗಂಟೆ ಬರೀ ಮುಖಗಳನ್ನು ತೋರಿಸಿ ಮುಗಿಸುವ ದಿನಗಳು. ಹಳೇ ಭಟ್ಟಿ ಇನ್ನೂ ದೂರವಿರುವಾಗಲೇ ಕತೆ ಮುಗಿದರೆ ಅವ್ವ ಹಿಂದಕ್ಕೆ ತಿರುಗುವಳು. ಅಂಥ ಒಂದು ದಿನ ನಾನು ಆ ಸೊಸೆಗೆ ಒಬ್ಬಳು ತಂಗಿಯನ್ನು ಇಟ್ಟೆ. ಅಡುಗೆಮನೆಯಲ್ಲಿ ಇರುತ್ತಾಳೆ, ಯಾರೊಂದಿಗೂ ಮಾತಾಡುವುದಿಲ್ಲ, ಮನೆಯವರ ಗುಟ್ಟೆಲ್ಲ ಅವಳಿಗೆ ಗೊತ್ತು. ಅವ್ವನಿಗೆ ಆ ತಂಗಿ ಹಿಡಿಸಿದಳು. ಸೊಸೆಯ ಕತೆ ಹೇಳುತ್ತಿದ್ದರೂ ನಡುವೆ, "ಆ ಹುಡುಗಿ ಏನಂದಳು?" ಎಂದು ಕೇಳುವಳು. ದಿನ ಕಳೆದಂತೆ ಅವಳಿಗೆ ಹೇಳುವುದಕ್ಕೆ ನಾನು ಮಾತು ಹುಡುಕಬೇಕಾಯಿತು.

ಪಂಪಕ್ಕನ ಟೀವಿ ಅಷ್ಟರಲ್ಲಿ ರಿಪೇರಿಯಾಗಿತ್ತು. ಒಂದು ದಿನ ಬಾವಿಕಟ್ಟೆಯ ಹತ್ತಿರ ಅವಳು ಅವ್ವನಿಗೆ ಅಡ್ಡ ಹಾಕಿ ಕೇಳಿದಳು, ಅದರಲ್ಲಿ ತಂಗಿ ಎಲ್ಲವಳೆ, ನಿಮ್ಮ ದಾಕ್ಷಿ ಯಾವ ಟೀವಿ ನೋಡ್ತಾಳೆ ಎಂದು. ನಾನು ಕೊಡ ಹಿಡಿದುಕೊಂಡು ಸತ್ತಂತೆ ನಿಂತಿದ್ದೆ.

"ಅಡುಗೆಮನೇಲಿ ಇರ್ತಾಳೆ," ಅಂದಳು ಅವ್ವ. "ನೀನು ಸರಿಯಾಗಿ ನೋಡಲ್ಲ."

ಹೀಗೆ ಅವ್ವ ಇಳಿಯುತ್ತಿದ್ದಳು. ಹತ್ತು ದಿನಕ್ಕೊಮ್ಮೆ ತಕ್ಕಡಿಗೆ ಹೋಗುತ್ತಿದ್ದೆವು. ಏಳು ಇದ್ದದ್ದು ಐದೂವರೆಯಾಯಿತು, ನಾಲ್ಕಾಯಿತು. ಬಸವಜಯಂತಿ ಕಳೆದು ಒಂದು ತಿಂಗಳಾಗುವಾಗ ಒಂದಕ್ಕೆ ಬಂತು. ಅವಳ ಕುಪ್ಪಸದ ತೋಳು ಸಡಿಲವಾಗಿ ಜಾರುತ್ತಿತ್ತು. ನೀರಿನ ಕೊಡ ಸೊಂಟಕ್ಕೇರಿಸಿಕೊಂಡು ಬರುವಾಗ ಹಿಂದಿನಿಂದ ನೋಡಿದರೆ ಅಪ್ಪ ಇದ್ದ ಕಾಲದ ಅವ್ವ. ಆ ಕೊನೆಯ ಒಂದು ಕಿಲೋ ಮಾತ್ರ ಮೊಂಡು ಹಿಡಿದು ಕೂತಿತ್ತು. ದಿನ ಹತ್ತಿರವಾಗುತ್ತಿತ್ತು. ಆಕಾಶದಲ್ಲಿ ಮೋಡ ಕಂಡರೆ ಓಡಿ ಹೋಗಿ ಹೊಳೆಯ ನೀರು ನೋಡಿ ಬರುತ್ತಿದ್ದೆ.

ನಾನು ಒಂದು ತಪ್ಪು ಮಾಡಿದೆ. ಸೋಮವಾರಗಳಲ್ಲಿ ಅವ್ವನ ಕಲ್ಲನ್ನು ಮೇಲೆ ಮೇಲೆ ತಿಕ್ಕಿ, ಅಡಿಯ ಪಾಚಿಯನ್ನು ಹಾಗೇ ಬಿಟ್ಟೆ. ಪಾಚಿ ದಪ್ಪಗಾದರೆ ಅದಕ್ಕೂ ಒಂದಿಷ್ಟು ತೂಕವಿರುತ್ತದೆ. ಊರಲ್ಲಿ ಹಾಗೆ ಮಾಡುವವರು ಇದ್ದಾರೆ, ಸಿಕ್ಕಿಬಿದ್ದರೆ ಕಲ್ಲು ತೊಳೆಯುವ ಸಾಲಿನಲ್ಲಿ ಅವರ ಪಕ್ಕ ಯಾರೂ ಕೂರುವುದಿಲ್ಲ. ಆ ಪಾಪ ಎಲ್ಲಾದರೂ ಸರಿಹೋಗಲಿ ಎಂದು ನನ್ನ ಕಲ್ಲನ್ನು ಎರಡು ಪಟ್ಟು ತಿಕ್ಕತೊಡಗಿದೆ. ನಾರು ಸಾಲದೆ ಭಟ್ಟಿಯಿಂದ ಸೆರಗಿನಲ್ಲಿ ಮರಳು ಕಟ್ಟಿ ತಂದು ಅದರಲ್ಲಿ ತಿಕ್ಕಿದೆ. ಪಾಚಿ ಹೋದ ಮೇಲೂ ತಿಕ್ಕಿದೆ. ಕಾವಿಯ ಹೆಸರು ಹೋಗಿ ಕಲ್ಲು ಮೊಟ್ಟೆಯ ಹಾಗೆ ಹೊಳೆಯಿತು. ಎಲ್ಲರೂ ಎದ್ದು ಹೋದ ಮೇಲೂ ನಾನು ಕೂತಿರುತ್ತಿದ್ದೆ. ಕೈ ಸುಮ್ಮನಿದ್ದರೆ ತಲೆ ಓಡುತ್ತದೆ, ಅದಕ್ಕೆ.

ಸಂಜೆಗಳಲ್ಲಿಯೂ ಅದೇ. ಮೊದಲ ವಾರ ಟೀವಿಯ ಮುಂದೆ ಕೂತರೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಹೊರಗೆ ಅವ್ವ ಪಾತ್ರೆ ಬೆಳಗುವ ಸದ್ದು ಕೇಳಿದರೆ ಎದ್ದು ಹೋಗಬೇಕು ಅನ್ನಿಸುವುದು, ಎದ್ದರೆ ಕತೆ ತಪ್ಪುವುದು. ಕೈಗೆ ಏನಾದರೂ ಬೇಕಾಗಿತ್ತು. ಭಟ್ಟಿಯಲ್ಲಿ ದಿನಾ ಮಡಿಲು ತುಂಬ ಮಂಡಕ್ಕಿ ಕೊಡುತ್ತಾರೆ. ಎಣ್ಣೆ, ಚಟ್ನಿಪುಡಿ ಹಾಕಿ ಕಲಸಿ ಇಟ್ಟುಕೊಂಡೆ. ಟೀವಿಯವರು ಅತ್ತಾಗ ನನ್ನ ಕೈ ಬೋಗುಣಿಗೆ ಹೋಗುತ್ತಿರಲಿಲ್ಲ. ಯಾರಾದರೂ ಹೇಳಬೇಕಾದ ಮಾತನ್ನು ಹೇಳದೆ ಬಾಗಿಲಲ್ಲಿ ನಿಂತರೆ ಹೋಗುತ್ತಿತ್ತು. ಇದನ್ನು ನಾನು ಗಮನಿಸಿದ್ದು ಬಹಳ ಆಮೇಲೆ. ಬೇರೆಯವರ ಕೈ ನೋಡುವುದು ಗೊತ್ತಿತ್ತು, ನನ್ನ ಕೈ ನೋಡಿಕೊಂಡವಳಲ್ಲ. ನನ್ನನ್ನು ತಕ್ಕಡಿಗೆ ಏರಿಸಿ ನೋಡಬೇಕು ಎಂದು ಅವ್ವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಊರಿಗೆಲ್ಲ ನಾನು ಗಾಳಿಗೆ ಹಾರುವವಳು.

ಕಾರಹುಣ್ಣಿಮೆಗೆ ಮೂರು ದಿನ ಇರುವಾಗ ಹೊಳೆಯ ನೀರು ಕೆಂಪಗಾಯಿತು. ಮೇಲೆಲ್ಲೋ ಮಳೆ ಬಿದ್ದಿತ್ತು. ಕಸಕಡ್ಡಿ, ನೊರೆ ತೇಲಿ ಬರುತ್ತಿದ್ದವು. ನಾಳೆಯಿಂದ ದೋಣಿ ಇಲ್ಲ ಎಂದು ನಿಂಗಜ್ಜ ಹೇಳಿ ಕಳಿಸಿದ. ಅಕ್ಕನಿಗೆ ಬೆಳಗಿನ ಜಾವದಿಂದ ಸೊಂಟ ನೋಯುತ್ತಿದೆ ಎಂದು ಅವಳ ಗಂಡನ ಫೋನು ಬಂತು. ಎರಡು ಚೀಲ ಕಟ್ಟಿದೆವು. ನನ್ನದರಲ್ಲಿ ಎರಡು ಸೀರೆ, ಎರಡು ಕುಪ್ಪಸ, ಒಂದು ಹೊಸ ನೋಟ್‌ಪುಸ್ತಕ. ಪಂಪಕ್ಕ ಬಾಣಂತಿಗೆ ಅಂಟಿನುಂಡೆ ಕಟ್ಟಿಕೊಂಡು ಹೊಳೆಯವರೆಗೂ ಬಂದಳು.

ನಿಂಗಜ್ಜ ಅವ್ವನ ಕಲ್ಲನ್ನು ಎತ್ತಿ ತಟ್ಟೆಗಿಡುವ ಮೊದಲು ತಿರುಗಿಸಿದ. ನಾನು ನೆಲ ನೋಡಿದೆ. ಅವನು ಅಡಿಯ ಪಾಚಿಯನ್ನು ಉಗುರಲ್ಲಿ ಕೆರೆದು ಕೆರೆದು ತೆಗೆದು, ತನ್ನ ಟವೆಲಿನಲ್ಲಿ ಒರೆಸಿ ಇಟ್ಟ. ಅವ್ವ ಬಳೆ ಕಳಚಿ, ಚಪ್ಪಲಿ ಬಿಟ್ಟು, ಸೆರಗಿನ ಗಂಟಿನಲ್ಲಿದ್ದ ಅಡಿಕೆಯನ್ನೂ ಪಂಪಕ್ಕನ ಕೈಗೆ ಹಾಕಿ, ತಟ್ಟೆಯಲ್ಲಿ ಕಾಲು ಮಡಚಿ ಕೂತಳು. ತಟ್ಟೆ ನೆಲದಲ್ಲೇ ಇತ್ತು. ಆಮೇಲೆ ಒಂದು ಬೆರಳು ಮೇಲೆದ್ದಿತು. ತಕ್ಕಡಿಯ ದಂಡಿ ನಡುಗಿತು. ಇನ್ನೊಂದು ಬೆರಳು. ಅಷ್ಟಕ್ಕೆ ನಿಂತಿತು, ಕಲ್ಲಿಗೆ ಸರಿಸಮವಾಗಿ.

"ಸಮ ಆದ್ರೆ ಸಾಕು," ಅಂದ ನಿಂಗಜ್ಜ.

ಅವ್ವ ಹುಡುಗಿಯ ಹಾಗೆ ಹಾರಿ ಇಳಿದಳು. ನಿಂದೇನು, ಬೇಗ ಹತ್ತಿ ಇಳಿ ಎಂದು ನನ್ನನ್ನು ದೂಡಿದಳು. ನಾನು ಹತ್ತಿದೆ.

ನನ್ನ ತಟ್ಟೆ ಮೆಲ್ಲಗೆ ಕೆಳಗೆ ಹೋಗಿ ನೆಲ ಮುಟ್ಟಿತು. ಹಗ್ಗ ಸಿಕ್ಕಿಕೊಂಡಿದೆ ಅಂದುಕೊಂಡೆ. ನಿಂಗಜ್ಜನೂ ಹಾಗೇ ಅಂದುಕೊಂಡು ಹಗ್ಗ ಅಲ್ಲಾಡಿಸಿ ನೋಡಿದ. ಚಪ್ಪಲಿ ತೆಗೆದೆ, ಬಳೆ ತೆಗೆದೆ, ಓಲೆ ಬಿಚ್ಚಿದೆ, ಜಡೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಕೊಟ್ಟೆ. ತಟ್ಟೆ ಏಳಲಿಲ್ಲ. ನಿಂಗಜ್ಜ ಆಚೆ ತಟ್ಟೆಗೆ ಒಂದು ಬಟ್ಟು ಇಟ್ಟ, ಇನ್ನೊಂದು ಇಟ್ಟ. ಎರಡು ಕಿಲೋ, ಮೇಲೆ ಒಂದಿಷ್ಟು.

ಪಂಪಕ್ಕ, ತನಗೇ ಹೇಳಿಕೊಳ್ಳುವ ಹಾಗೆ, "ಒಂದೂವರೆ ತಿಂಗಳು ಟೀವಿ ಮುಂದೆ ಕೂತಿದ್ದು ಇವಳಲ್ಲೇನು," ಅಂದಳು. ಬೆಳಕು ಅನ್ನಲಿಲ್ಲ, ಎಮ್ಮೆ ಅನ್ನಲಿಲ್ಲ.

ನಿಂಗಜ್ಜ ನನ್ನ ಕಲ್ಲಿನ ಮೇಲೆ ಅಂಗೈ ಆಡಿಸುತ್ತಿದ್ದ. ಸುತ್ತ ಸವರಿದ, ಎತ್ತಿ ಕೈಯಲ್ಲೇ ತೂಗಿ ನೋಡಿದ.

"ಇದನ್ನ ಯಾತರಲ್ಲಿ ತಿಕ್ಕಿದೆ ಮಗಳೇ?"

ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಕಲ್ಲೂ ಸವೀತೈತೆ ಕಣಮ್ಮ," ಅಂದ.

ಅದರಲ್ಲಿ ಟೀವಿಯದೆಷ್ಟು, ಮಂಡಕ್ಕಿಯದೆಷ್ಟು, ಮರಳಿನದೆಷ್ಟು, ನನಗೆ ಇವತ್ತಿಗೂ ಗೊತ್ತಿಲ್ಲ. ತಕ್ಕಡಿ ಅದನ್ನೆಲ್ಲ ಬೇರೆ ಮಾಡಿ ತೋರಿಸುವುದಿಲ್ಲ. ಭಾರ ಅನ್ನುತ್ತದೆ, ಅಷ್ಟೇ.

ಅವ್ವ ಹುಣಸೆಮರದ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನೂ ಹೋಗಲ್ಲ, ಇವಳೊಬ್ಬಳನ್ನೇ ನವರಾತ್ರಿತನಕ ಹೆಂಗೆ ಬಿಟ್ಟು ಹೋಗಲಿ ಅಂದಳು. ಅವಳ ಕೈ ಪಕ್ಕದಲ್ಲಿ ಏನನ್ನೋ ತಡಕುತ್ತಿತ್ತು, ಬೋಗುಣಿ ಇರುವ ಜಾಗದಲ್ಲಿ. ನಾನು ಅವಳ ಚೀಲ ಎತ್ತಿ ದೋಣಿಗೆ ಹಾಕಿದೆ. ಅಂಟಿನುಂಡೆಯ ಡಬ್ಬಿ ಹಾಕಿದೆ. ನನ್ನ ಚೀಲವನ್ನು ಮರದ ಬುಡಕ್ಕೆ ಇಟ್ಟೆ. ನೀರು ಆಗಲೇ ದಡದ ಎರಡನೇ ಮೆಟ್ಟಿಲು ಮುಟ್ಟಿತ್ತು.

"ಏಳು ಅವ್ವ. ಕೂರಬ್ಯಾಡ. ಅಕ್ಕ ಒಬ್ಬಳೇ ಅವಳೆ."

ಪಂಪಕ್ಕ, ನಿಂಗಜ್ಜ ಇಬ್ಬರೂ ತಿರುಗಿ ನೋಡಿದರು. ಅವರೆದುರು ಅಷ್ಟು ಮಾತು ನಾನು ಆಡಿದ್ದು ಅದೇ ಮೊದಲು. ಅವ್ವ ಎದ್ದಳು. ದೋಣಿಯವರೆಗೆ ನನ್ನ ತೋಳು ಹಿಡಿದುಕೊಂಡೇ ಬಂದಳು. ಹತ್ತುವ ಮೊದಲು ನಿಂತಳು.

"ಆ ತಂಗಿ ಕತೆ ಏನಾತು ಅಂತ ಹೇಳಲೇ ಇಲ್ಲ ನೀನು."

"ನೀನು ಬಂದ ಮೇಲೆ," ಅಂದೆ.

ದೋಣಿ ಹಗುರವಾಗಿ, ಯಾರೂ ನೂಕದೆಯೇ, ದಡ ಬಿಟ್ಟಿತು. ನಿಂಗಜ್ಜ ಗಳೆ ಹಾಕಿದ. ಅವ್ವ ನನ್ನ ಕಡೆ ಮುಖ ಮಾಡಿ ಕೂತಿದ್ದವಳು, ಅರ್ಧ ಹೊಳೆ ದಾಟುವಾಗ ಆಚೆ ಕಡೆ ತಿರುಗಿದಳು. ತಿರುಗಲೇಬೇಕಿತ್ತು, ಅಲ್ಲಿ ಅಕ್ಕನ ಗಂಡ ಕೊಡೆ ಬೀಸಿ ಕೂಗುತ್ತಿದ್ದ. ಪಂಪಕ್ಕ ಬಾ ಮನೆಗೆ ಹೋಗೋಣ ಎಂದು ಕರೆದು, ನಾನು ಕದಲದ್ದನ್ನು ನೋಡಿ ತಾನೇ ಹೊರಟಳು. ಏಳೂವರೆಗೆ ಇನ್ನೂ ಬಹಳ ಹೊತ್ತಿತ್ತು. ನಾನು ಮೆಟ್ಟಿಲಿಳಿದು ಕೆಂಪು ನೀರಿಗೆ ಕಾಲಿಟ್ಟೆ. ಮೊಣಕಾಲವರೆಗೆ ಇಳಿದೆ. ಆಚೆ ದಡದಲ್ಲಿ ಎಂಥ ಮನೆಗಳಿವೆಯೋ, ಆ ಶಾಲೆಗೆ ಯಾವ ಬಣ್ಣದ ಬಾಗಿಲೋ, ಹುಟ್ಟುವ ಮಗು ಹೇಗೆ ಕೈ ಮಡಚಿಕೊಂಡಿರುತ್ತದೋ. ಆದಷ್ಟು ಗಟ್ಟಿಯಾಗಿ ಕೂಗಿದೆ. ನನ್ನ ದನಿ ಎಷ್ಟು ದೂರ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಅವ್ವಾ, ಅಲ್ಲಿ ಎಲ್ಲಾ ಸರಿಯಾಗಿ ನೋಡ್ಕೊಂಡು ಬಾ. ಬಂದು ನಂಗೆ ಬಿಡಿಸಿ ಹೇಳು."